ಸೈಕಲ್ಲಿಗೊಂದು ಹಗುರ ಪ್ಯಾನು

ಲುಂಬಿನಿಯ ಅಜ್ಜಿ ಪೀರಮ್ಮನ ಹಂಚು ತಕ್ಕಡಿಯಲ್ಲಿ ಕೂತಾಗ ಕಿರಾಣಿ ಅಂಗಡಿಯ ಕಲ್ಯಾಣಪ್ಪನಿಗೆ ನಗು ತಡೆಯಲಾಗಲಿಲ್ಲ. ಸೇಡಂ ಬಜಾರಿನಲ್ಲಿ ಮೂವತ್ತು ವರ್ಷ ಬೇಳೆ ಬೆಲ್ಲ ತೂಗಿದ ಮನುಷ್ಯ, ಒಮ್ಮೆ ಯಾರದೋ ಕೂಸನ್ನೂ ತೂಗಿ ಕೊಟ್ಟಿದ್ದ. ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ಚೀಲದಲ್ಲಿ ಹೊತ್ತು ತಂದ ಟೀಚರನ್ನು ಮಾತ್ರ ಇದೇ ಮೊದಲು ಕಂಡದ್ದು. ಒಂದು ಕಿಲೋ ಮುನ್ನೂರು ಗ್ರಾಂ, ಗುಜರಿಗೆ ಹಾಕುವುದಾದರೆ ಸಲಾಂನ ಅಂಗಡಿ ಆ ಕಡೆ ಎಂದ. ಲುಂಬಿನಿ ತಾನೂ ನಕ್ಕು, ತೂಕವನ್ನು ಚೀಟಿಯಲ್ಲಿ ಬರೆದುಕೊಂಡು, ಚೀಲದಿಂದ ಇನ್ನೊಂದು ಪಾತ್ರೆ ತೆಗೆದಳು. ಅವಳ ಹಿಂದೆ ಎಣ್ಣೆಗೆ ಬಂದವರು ಸಾಲುಗಟ್ಟಿ ನಿಂತು ಕತ್ತು ಉದ್ದ ಮಾಡುತ್ತಿದ್ದರು.

ಲುಂಬಿನಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು, ಅವಳ ಗೆಳತಿ ಪ್ರಮಿತಾ ಗಣಿತ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಮೂರು ವರ್ಷದಿಂದ ಮಧ್ಯಾಹ್ನ ಒಂದೇ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು, ಅವರವರ ಬುತ್ತಿ ಅವರವರದು. 2003ರ ದಸರಾ ರಜೆಯಲ್ಲಿ ಸೈಕಲ್ ಮೇಲೆ ಐದು ದಿನ ತಿರುಗುವ ಯೋಚನೆ ಹುಟ್ಟಿದ್ದೂ ಆ ಬೆಂಚಿನ ಮೇಲೆಯೇ. ದಿನಾ ಬಸ್ಸಿನ ಬೋರ್ಡಿನ ಮೇಲೆ ಓದುವ ಊರುಗಳನ್ನು ತಮ್ಮ ಕಾಲಿನಿಂದ ತುಳಿದು ನೋಡಬೇಕೆಂಬುದು ಅವರ ಆಸೆ. ಸೇಡಂನಿಂದ ಚಿತ್ತಾಪುರ, ವಾಡಿ, ಶಹಾಬಾದ, ಅಲ್ಲಿಂದ ಮೂಡಣಕ್ಕೆ ಹೊರಳಿ ಚಿಮ್ಮನಚೋಡ, ಚಿಂಚೋಳಿ, ಮತ್ತೆ ಮನೆ. ರಾತ್ರಿ ಉಳಿಯಲು ಪರಿಚಯದ ಟೀಚರುಗಳ ಮನೆಗಳಿದ್ದವು. ಊಟದ್ದೊಂದೇ ಫಜೀತಿ. ಪ್ರಮಿತಾಳ ತಾಯಿ ಭಾಮಾಬಾಯಿ ಮಡಿ ಹೆಂಗಸು, ಹೋಟೆಲಿನ ಅನ್ನ ಮುಟ್ಟಬಾರದು, ಕೈಯಾರೆ ಮಾಡಿಕೊಂಡು ಉಣ್ಣುವುದಾದರೆ ಹೋಗು ಎಂದು ಷರತ್ತು ಹಾಕಿದ್ದರು.

ಹಾಗಾದರೆ ನನ್ನ ಪಾತ್ರೆ ನಾ ತರ್ತೀನಿ, ನಿಂದು ನೀ ತಾ ಎಂದು ಪ್ರಮಿತಾ ಮೊದಮೊದಲು ಹೇಳಿದ್ದಳು. ಒಂದು ರವಿವಾರ ಸಾಮಾನು ಹೇರಿಕೊಂಡು ಚಿತ್ತಾಪುರದ ರಸ್ತೆಯಲ್ಲಿ ಎದುರುಗಾಳಿಗೆ ಹತ್ತು ಕಿಲೋಮೀಟರ್ ತುಳಿದು ಬಂದಮೇಲೆ ಲುಂಬಿನಿಗೆ ಗ್ರಾಂ ಗ್ರಾಂ ತೂಕ ಇಳಿಸುವ ಹುಚ್ಚು ಹಿಡಿಯಿತು. ಸಾಬೂನನ್ನು ಅರ್ಧ ಕೊಯ್ದಳು, ಟಾರ್ಚಿನ ಒಂದು ಶೆಲ್ ಕಡಿಮೆಯಾದರೆ ನಡೆದೀತೇ ಎಂದು ನೋಡಿದಳು. ಆಮೇಲೆ ಅಳುಕುತ್ತಲೇ ಕೇಳಿದಳು, ಅಡುಗೆಯ ಪ್ಯಾನು ಎರಡು ಯಾಕೆ? ಪ್ರಮಿತಾ ತನ್ನ ಬುತ್ತಿಯ ಮುಚ್ಚಳ ನೋಡಿ, ಆಯ್ತು, ಒಂದೇ ಸಾಕು ಎಂದಳು. ಆ ಮಾತಿಗೆ ಲುಂಬಿನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೆಳಗೇರಿಯಲ್ಲಿ ಹುಟ್ಟಿ ಬೆಳೆದವಳಿಗೆ ಮೇಲಿನ ಓಣಿಯ ಗೆಳತಿ ಒಂದೇ ಪ್ಯಾನು ಸಾಕು ಅಂದದ್ದರ ತೂಕ ಯಾವ ತಕ್ಕಡಿಗೂ ಹತ್ತುವಂಥದ್ದಲ್ಲ. ಅದಕ್ಕೇ ಆ ಒಂದು ಪ್ಯಾನು ಎಂಥದಿರಬೇಕೆಂದು ಅವಳು ಅಷ್ಟು ತಲೆ ಕೆಡಿಸಿಕೊಂಡದ್ದು.

ಮನೆಯ ಹಿತ್ತಲಲ್ಲಿ ಮೂರು ಕಲ್ಲಿಟ್ಟು, ತೊಗರಿ ಕಟ್ಟಿಗೆ ಹಚ್ಚಿ, ಒಂದೊಂದೇ ಪಾತ್ರೆಯನ್ನು ಪರೀಕ್ಷೆಗೆ ಕೂರಿಸಿದಳು. ಒಣ ಜೋಳದ ಹಿಟ್ಟನ್ನು ತೆಳ್ಳಗೆ ಉದುರಿಸಿ ಎಲ್ಲಿ ಮೊದಲು ಕೆಂಪಾಗುತ್ತದೆ ಎಂದು ಗಡಿಯಾರ ಹಿಡಿದು ನೋಡುವುದು ಅವಳ ಉಪಾಯ. ಜರ್ಮನಿನ, ಅಂದರೆ ಅಲ್ಯೂಮಿನಿಯಮ್ಮಿನ, ತೆಳು ಪಾತ್ರೆ ಇನ್ನೂರೈವತ್ತೇ ಗ್ರಾಂ, ಆದರೆ ನಡುವೆ ಕರಿಯಾಗುವಷ್ಟರಲ್ಲಿ ಅಂಚಿನ ಹಿಟ್ಟು ಬೆಳ್ಳಗೆ ಕೂತಿತ್ತು, ತಳವೂ ಡೊಂಕಾಯಿತು. ಸ್ಟೀಲಿನದು ಹಿಟ್ಟನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ. ಅಜ್ಜಿ ಪೀರಮ್ಮನ ಹಂಚು ಒಂದೇ ಸಮ ಕೆಂಪಾಯಿತು, ಅದಕ್ಕೆ ನೂರಕ್ಕೆ ನೂರು ಕೊಡಬೇಕು, ಆದರೆ ಅದನ್ನು ಹೇರಿಕೊಂಡು ಸೈಕಲ್ ತುಳಿಯುವವರು ಯಾರು? ಪೀರಮ್ಮ ಬಾಗಿಲಲ್ಲಿ ಕೂತು ಎಲ್ಲ ನೋಡಿ, ಓದಿದವರ ಮನೆಯಲ್ಲಿ ಹಿಟ್ಟು ಹೀಗೇ ಹಾಳಾಗುತ್ತದೆ ಎಂದು ಯಾರಿಗೋ ಹೇಳುವಂತೆ ಹೇಳಿದಳು.

ಕೊನೆಗೆ ಇಬ್ಬರೂ ಕಲಬುರ್ಗಿಗೆ ಹೋಗಿ ಸಣ್ಣದೊಂದು ನಾನ್‌ಸ್ಟಿಕ್ ಪ್ಯಾನು ತಂದರು. ಹಿಡಿಕೆಯ ಸ್ಕ್ರೂ ಬಿಚ್ಚಿ ಇಕ್ಕಳದಿಂದ ಹಿಡಿಯುವುದೆಂದು ಠರಾಯಿಸಿದ ಮೇಲೆ ಅದು ಮುನ್ನೂರ ಎಂಬತ್ತು ಗ್ರಾಮಿಗೆ ಇಳಿಯಿತು. ಹಿಟ್ಟು ಅಂಚಿನಿಂದ ಅಂಚಿಗೆ ಬಂಗಾರದ ಬಣ್ಣಕ್ಕೆ ತಿರುಗಿತು. ಲುಂಬಿನಿ ಅದರಲ್ಲಿ ಒಂದು ತತ್ತಿ ಒಡೆದು ಹಾಕಿ ನೋಡಿದಳು. ಎಣ್ಣೆಯ ಹನಿ ಇಲ್ಲದೆ ಆಮ್ಲೆಟ್ಟು ತಟ್ಟೆಗೆ ಜಾರಿತು. ನಿಂಬೆಸಿಪ್ಪೆ ಹಚ್ಚಿ ಬಿಸಿನೀರಲ್ಲಿ ಮೂರು ಸಲ ತೊಳೆದು, ಮೂಗಿಗೆ ಹಿಡಿದು ನೋಡಿ, ಆಮ್ಲೆಟ್ಟು ಜಾರಿದ್ದನ್ನು ಹೇಳುತ್ತ ಮರುದಿನ ಪ್ರಮಿತಾಳ ಕೈಗೆ ಕೊಟ್ಟಳು. ಥಾಲಿಪಟ್ಟಿನ ಪರೀಕ್ಷೆ ಅವಳ ಮನೆಯಲ್ಲಿ ಆಗಬೇಕಿತ್ತು.

ಪ್ಯಾನು ತಿರುಗಿ ಬರಲಿಲ್ಲ. ಪ್ರಮಿತಾ ಒಂದು ದಿನ ಮರೆತೆ ಎಂದಳು, ಇನ್ನೊಂದು ದಿನ ನೆಂಟರು ಬಂದಿದ್ದರು ಎಂದಳು. ನಾಲ್ಕನೇ ದಿನ ಬೆಂಚಿನ ಮೇಲೆ ಕೂತು, ಮುಖ ಕೊಡದೆ, ತತ್ತಿಯ ವಾಸನೆ ಬಂತೆಂದು ಅಮ್ಮ ಅದನ್ನು ಬೆಂಕಿಗೆ ಹಾಕಿ ಶುದ್ಧ ಮಾಡಲು ಹೋದಳು, ಹಾಳಾಯಿತು, ಬೇರೆ ತರೋಣ ಎಂದಳು. ಲುಂಬಿನಿಗೆ ಒಂದು ರೀತಿ ಹಗುರವೇ ಆಯಿತು. ತತ್ತಿ ತಿನ್ನದವರ ಮನೆಗೆ ತತ್ತಿ ಮಾಡಿದ ಪಾತ್ರೆ ಕಳಿಸಿದ್ದು ತನ್ನದೇ ತಪ್ಪು ಎಂದುಕೊಂಡಳು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಅವಳೊಳಗಿನ ವಿಜ್ಞಾನದ ಟೀಚರು ಸುಮ್ಮನಿರಲಿಲ್ಲ. ಏನೂ ಅಂಟದ ಪಾತ್ರೆ, ಮೂರು ಸಲ ತೊಳೆದದ್ದು, ತಾನೇ ಮೂಸಿ ನೋಡಿದ್ದು. ವಾಸನೆ ಎಲ್ಲಿಂದ ಬಂತು? ಗೆಳತಿಯ ಮೇಲೆ ಅನುಮಾನಪಡುವುದು ಅವಳಿಗೆ ನಾಚಿಕೆ ತಂದಿತು. ಆದರೂ ಆ ಪ್ಯಾನನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಕುತೂಹಲ ತಡೆಯಲಾಗದೆ ಪ್ರಮಿತಾಳ ಮನೆಯ ಕಡೆ ಸೈಕಲ್ ಹೊರಳಿಸಿದಳು.

ಭಾಮಾಬಾಯಿ ಬರ್ರಿ, ಕುಂದ್ರಿ ಎಂದು ಪಡಸಾಲೆಯಲ್ಲಿ ಚಾಪೆ ಹಾಸಿದರು. ಪ್ರಮಿತಾ ಒಳಬಾಗಿಲಲ್ಲಿ ಬಂದು ನಿಂತವಳು ನಿಂತಲ್ಲೇ ನಿಂತಳು. ಪ್ಯಾನು ನೋಡಬೇಕಿತ್ತು ಎಂದಾಗ ಭಾಮಾಬಾಯಿಯೇ ಬಚ್ಚಲಿನಿಂದ ಅದನ್ನು ತಂದಿಟ್ಟರು. ಕರಿಯ ಹೊಳಪೆಲ್ಲ ಹೋಗಿ ಬೂದಿಬಣ್ಣಕ್ಕೆ ತಿರುಗಿತ್ತು, ಮೇಲಿನ ಪದರು ಚಕ್ಕೆಚಕ್ಕೆಯಾಗಿ ಎದ್ದಿತ್ತು. ನೀರೊಲೆಯ ಸೆಗಣಿ ಕುಳ್ಳಿನ ಬೆಂಕಿಯಲ್ಲಿ ಇಟ್ಟಿದ್ದರಂತೆ. ಹೊರಗಿನಿಂದ ಬಂದ ಹಿತ್ತಾಳೆ, ಕಬ್ಬಿಣ ಏನಿದ್ದರೂ ಹಾಗೆ ಕಾಸಿಯೇ ಒಳಗೆ ತೆಗೆದುಕೊಳ್ಳುವುದು ಆ ಮನೆಯ ಪದ್ಧತಿ, ಅವರ ಅತ್ತೆಯ ಕಾಲದಿಂದ ನಡೆದದ್ದು. ಹಿತ್ತಾಳೆ ಬೆಂಕಿಯಿಂದ ಬಂಗಾರವಾಗಿ ಬರುತ್ತಿತ್ತು, ಇದು ಹೊಗೆ ಉಗುಳಿ ಮನೆಯವರನ್ನೆಲ್ಲ ಅಂಗಳಕ್ಕೆ ಓಡಿಸಿತು ಎಂದು ಅವರು ಸಂಕಟದಿಂದಲೇ ಹೇಳಿದರು. ಎಷ್ಟು ಹೊತ್ತು ಇಟ್ಟಿದ್ದಿರಿ, ಹೊಗೆಯ ಬಣ್ಣ ಎಂಥದಿತ್ತು ಎಂದು ಲುಂಬಿನಿ ಕೇಳುತ್ತಲೇ ಹೋದಳು, ಚಕ್ಕೆಯನ್ನು ಉಗುರಿನಿಂದ ಕೆದರಿ ನೋಡಿದಳು. ಆಮೇಲೆ ಕೇಳಬೇಕಾದದ್ದು ಹೊಗೆಯ ಬಣ್ಣವಲ್ಲ, ಕ್ಷಮೆ ಎಂದು ಹೊಳೆಯಿತು.

“ತಪ್ಪು ನಂದೇ ಅದ ಕಾಕೂ. ತತ್ತಿ ಮಾಡಿದ ಪ್ಯಾನು ನಾ ಕಳಸಬಾರದಿತ್ತು.”

“ಯಾವ ತತ್ತಿ?” ಎಂದರು ಭಾಮಾಬಾಯಿ.

ಭಾಮಾಬಾಯಿ ಮಗಳ ಕಡೆ ನೋಡಿದರು, ಮತ್ತೆ ಲುಂಬಿನಿಯ ಕಡೆ. ಮಗಳು ತತ್ತಿಯ ನೆಪ ಹೇಳಿದ್ದಾಳೆಂದು ಅವರಿಗೆ ನಿಧಾನವಾಗಿ ತಿಳಿಯಿತು. ಹೌದು ತತ್ತಿಯದ್ದೇ ಎಂದುಬಿಟ್ಟಿದ್ದರೆ ಎಲ್ಲರ ಮರ್ಯಾದೆ ಉಳಿಯುತ್ತಿತ್ತು.

“ತತ್ತಿದು ನನಗ ಗೊತ್ತೇ ಇದ್ದಿಲ್ಲವಾ,” ಎಂದರು. “ನಿಮ್ಮ ಮನಿಯಿಂದ ಬಂದದ ಅಂತ ಬೆಂಕಿಗೆ ಹಾಕಿದ್ದು. ಸುಳ್ಳ್ಯಾಕ ಹೇಳಲಿ.”

ಲುಂಬಿನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ, ಹುಟ್ಟಿದಾಗಿನಿಂದ ಗೊತ್ತಿದ್ದದ್ದೇ, ಆದರೂ ಇಷ್ಟು ಸರಳವಾಗಿ ಯಾರೂ ಅವಳ ಮುಖಕ್ಕೆ ಹೇಳಿರಲಿಲ್ಲ. ಸಿಟ್ಟು ಬಂತು. ವಿಚಿತ್ರವೆಂದರೆ ಆ ಸಿಟ್ಟು ಎದುರಿಗೆ ಕೂತ ಹೆಂಗಸಿಗಿಂತ ಬಾಗಿಲಲ್ಲಿ ನಿಂತವಳ ಮೇಲೆ ಹೆಚ್ಚು ಬಂತು. ಪ್ಯಾನನ್ನು ಚೀಲಕ್ಕೆ ಹಾಕಿಕೊಂಡು, ಬರ್ತೀನಿ ಕಾಕೂ ಎಂದು ಅಂಗಳಕ್ಕೆ ಇಳಿದಳು.

ಪ್ರಮಿತಾ ಓಡುತ್ತ ಹಿಂದೆಯೇ ಬಂದು ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡಳು. ಅಂಜಿಕೆಯಾಗಿತ್ತು ಎಂದಳು, ಖರೇ ಹೇಳಿದರೆ ನೀ ಬರುವುದಿಲ್ಲ ಎಂದು ಅಂಜಿದ್ದೆ ಎಂದಳು. ಅವಳ ಕಣ್ಣು ತುಂಬಿತ್ತು. ಲುಂಬಿನಿಗೆ ಕನಿಕರ ಬಂತು, ಆದರೆ ಕನಿಕರಕ್ಕೆ ಸಿಟ್ಟನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

“ನಿಮ್ಮಮ್ಮ ಬೆಂಕಿಗೆ ಹಾಕಿದಳು, ಖರೇನೂ ಹೇಳಿದಳು. ನೀ ಏನ ಮಾಡಿದಿ?” ಎಂದಳು. “ತತ್ತಿ ಬ್ಯಾಡಂದ್ರ ಐದು ದಿವಸ ನಾ ಬಿಡ್ತೀನಿ, ಅದೇನ ದೊಡ್ಡ ಮಾತಲ್ಲ. ಪ್ಯಾನು ಒಂದೇ ಒಯ್ಯೋಣ. ಮನಿಗಿ ಬಂದಮ್ಯಾಲ ಅಮ್ಮ ಕೇಳಿದ್ರ ಏನ ಹೇಳಾಕಿ? ಎರಡು ಇದ್ದವು ಅಂತೀಯೇನು?”

ಓಣಿಯಲ್ಲಿ ಆಡು ಹೊಡೆದುಕೊಂಡು ಬಂದವನೊಬ್ಬ ಇಬ್ಬರನ್ನೂ ನೋಡುತ್ತ ದಾಟಿ ಹೋದ. ಲುಂಬಿನಿ ಪೆಡಲಿನ ಮೇಲೆ ಕಾಲಿಟ್ಟಳು. ಈಗ ತುಳಿದರೆ ಚಿಂಚೋಳಿಯೂ ಇಲ್ಲ, ಬೆಂಚೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಆದರೂ ತುಳಿಯುವವಳೇ ಇದ್ದಳು. ಅಷ್ಟರಲ್ಲಿ ಪ್ರಮಿತಾ ಕ್ಯಾರಿಯರ್ ಬಿಟ್ಟು, ಕಣ್ಣು ಒರೆಸಿಕೊಂಡು, ಮನೆಯ ಕಡೆ ತಿರುಗಿದಳು. ಒಳಗೆ ಹೋಗಲಿಲ್ಲ. ಅಂಗಳದ ನಡುವೆ ನಿಂತು, ಓಣಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕರೆದಳು.

“ಅಮ್ಮಾ, ನಾವಿಬ್ಬರೂ ಒಂದೇ ಪ್ಯಾನು ಒಯ್ಯಾಕತ್ತೀವಿ. ಲುಂಬಿನಿ ಮಾಡಿದ್ದು ನಾ ಉಣ್ತೀನಿ, ನಾ ಮಾಡಿದ್ದು ಆಕಿ ಉಣ್ತಾಳ. ಐದು ದಿವಸ ಉಂಡು ಮನಿಗಿ ಬರ್ತೀನಿ.” ಮನೆಯ ಕಡೆ ಇನ್ನೊಂದು ಹೆಜ್ಜೆ ಇಟ್ಟಳು. “ನನ್ನೂ ಬೆಂಕಿಗೆ ಹಾಕಿ ಒಳಗ ತಗೋತೀಯೇನು?”

ಭಾಮಾಬಾಯಿ ಹೊಸ್ತಿಲಿಗೆ ಬಂದಿದ್ದರು. ಚೌಕಟ್ಟು ಹಿಡಿದು ಮಗಳನ್ನೂ, ಗೇಟಿನಾಚೆ ಸೈಕಲ್ ಹಿಡಿದು ನಿಂತವಳನ್ನೂ ಬಹಳ ಹೊತ್ತು ನೋಡಿದರು. ಲುಂಬಿನಿ ಪೆಡಲಿನಿಂದ ಕಾಲು ಇಳಿಸಿದಳು.

“ಎಷ್ಟೊತ್ತಿಗಿ ಹೊಂಡ್ತೀರಿ?” ಎಂದು ಕೇಳಿದರು ಭಾಮಾಬಾಯಿ.