ಭಾವ ತೊಟ್ಟಿದ್ದ ಹತ್ತಿ ಅಂಗಿ

ನಮ್ಮೂರಿಂದ ಬೆಟ್ಟದಾಚೆಯ ಊರಿಗೆ ಬಸ್ಸು ಓಡುವುದು ಬೇಸಿಗೆಯಲ್ಲಿ ಮಾತ್ರ. ಹಿಮ ಬಿದ್ದು ರಸ್ತೆ ಮುಚ್ಚಿದ ಮೇಲೆ ನಡೆದೇ ಹೋಗಬೇಕು. ಬೆಳಿಗ್ಗೆ ಹೊರಟರೆ ಸಂಜೆಗೆ ಬೆಟ್ಟದ ನೆತ್ತಿ ದಾಟಿ ಒಂದು ಕಲ್ಲಿನ ತಂಗುಮನೆ ಸಿಗುತ್ತದೆ. ಮರುದಿನ ಮಧ್ಯಾಹ್ನಕ್ಕೆ ಆಚೆಯ ಊರು. ನಾನು ಇಲ್ಲಿನ ಆಸ್ಪತ್ರೆಯ ನರ್ಸ್. ಮಕ್ಕಳಿಗೆ ಲಸಿಕೆ ಹಾಕಲು ತಿಂಗಳಿಗೊಮ್ಮೆ ಆ ದಾರಿಯಲ್ಲಿ ಹೋಗಿಬರುತ್ತೇನೆ.

ಕಳೆದ ಚಳಿಗಾಲದಲ್ಲಿ ನನ್ನ ಜೊತೆ ಭಾವ ಹೊರಟರು. ಅಕ್ಕನ ಗಂಡ, ಪೇಟೆಬೀದಿಯಲ್ಲಿ ದರ್ಜಿ. ಅವರ ಮಗಳಿಗೆ ಆಚೆಯ ಊರಿನಲ್ಲಿ ಹೆರಿಗೆಯಾಗಿತ್ತು. ಮೊದಲ ಮೊಮ್ಮಗಳು. ರಸ್ತೆ ತೆರೆಯುವವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ.

ಹಿಂದಿನ ದಿನ ಅಂಗಡಿಗೆ ಹೋದೆ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಅವರು ತೊಡುವ ಬಟ್ಟೆ ಮಡಿಸಿಟ್ಟಿದ್ದರು. ಹತ್ತಿ ಬನಿಯನ್, ತಾವೇ ಹೊಲಿದ ದಪ್ಪ ಹತ್ತಿ ಅಂಗಿ, ಜೀನ್ಸ್ ಪ್ಯಾಂಟು, ಅದರ ಮೇಲೆ ಮಣಭಾರದ ಒಂದು ಕೋಟು. ಬಿಗಿಯಾದ ಹೊಸ ಬೂಟು, ಅದರೊಳಗೆ ತುರುಕಲು ಎರಡು ಜೊತೆ ಕಾಲುಚೀಲ. ಕೈಗವಸು ಮಾತ್ರ ಒಂದೇ ಜೊತೆ.

ಮೈಗೆ ತಾಗುವಂತೆ ಹತ್ತಿ ಬೇಡ, ಅದು ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ತೆಳು ಉಣ್ಣೆಯದು ಹಾಕಿಕೊಳ್ಳಿ ಎಂದೆ. ಒಂದೇ ದಪ್ಪ ಕೋಟಿಗಿಂತ ಮೂರು ಪದರ ಮೇಲು, ಸೆಕೆಯಾದರೆ ಒಂದೊಂದೇ ಬಿಚ್ಚಬಹುದು, ಹೊರಗಿನದು ಗಾಳಿ ತಡೆಯುವಂತಿರಲಿ ಎಂದೆ. ಬೂಟಿನೊಳಗೆ ಕಾಲ್ಬೆರಳು ಆಡಬೇಕು ಎಂದೂ ಹೇಳಿದೆ.

ಭಾವ ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿ ತೆಗೆದು ನಕ್ಕರು.

"ನೀನು ಸೂಜಿ ಚುಚ್ಚೋಳು, ನಾನೂ ಸೂಜಿ ಚುಚ್ಚೋನೇ. ಮೂವತ್ತು ವರ್ಷ ಆಯ್ತು. ಬಟ್ಟೆ ವಿಷ್ಯ ನನಗೆ ಬಿಡಮ್ಮ."

ಅಕ್ಕನೂ ನಕ್ಕಳು. ನಾನೂ ನಕ್ಕುಬಿಟ್ಟೆ. ನನ್ನ ಮದುವೆಗೆ ಚಪ್ಪಲಿ ಸವೆಯುವಷ್ಟು ಓಡಾಡಿದ ಮನುಷ್ಯ. ಹೆಚ್ಚು ವಾದ ಮಾಡಿದರೆ ಅವರ ಮುಖ ಸಣ್ಣದಾಗುತ್ತದೆ ಎಂದು ಸುಮ್ಮನಾದೆ.

ಮರುದಿನ ಒಳ್ಳೆಯ ಬಿಸಿಲಿತ್ತು. ಏರು ದಾರಿಯಲ್ಲಿ ನಾನು ಒಂದು ಪದರ ಕಳಚಿ ಚೀಲಕ್ಕೆ ತುಂಬಿದೆ. ಭಾವ ಕೋಟು ಬಿಚ್ಚಲಿಲ್ಲ. ಬಿಚ್ಚಿದರೆ ಒಳಗೆ ಇದ್ದದ್ದು ಬರೀ ಅಂಗಿ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಚಳಿಯೇ ಇಲ್ಲವಲ್ಲ ಎಂದು ತಮಾಷೆ ಮಾಡುತ್ತ ಬಂದರು.

ನೆತ್ತಿ ಮುಟ್ಟುವಾಗ ಮೋಡ ಕವಿದು ಗಾಳಿ ಎದ್ದಿತು. ಬೆವರಿಗೆ ತೊಯ್ದ ಅಂಗಿ ಮೈಗೆ ಮಂಜುಗಡ್ಡೆಯಂತೆ ಅಂಟಿಕೊಂಡಿತು. ಭಾವನ ಮಾತು ನಿಂತಿತು. ನಾನು ಮುಂದೆ ಹಿಮ ತುಳಿದು ದಾರಿ ಮಾಡುತ್ತಿದ್ದೆ. ಅವರು ಬೂಟಿನ ದಾರ ಸಡಿಲಿಸಲು ಬಲಗೈ ಗವಸು ತೆಗೆದಿದ್ದರಂತೆ. ಗಾಳಿ ಅದನ್ನು ಕಣಿವೆಗೆ ಹಾರಿಸಿಕೊಂಡು ಹೋಯಿತು. ಹೇಳಿದರೆ ನಾನು ಬೈಯುತ್ತೇನೆಂದು ಹೇಳಲೇ ಇಲ್ಲ. ಅರ್ಧ ಗಂಟೆಯ ನಂತರ ತಿರುಗಿ ನೋಡಿದಾಗ ಬರಿಗೈ ಕಂಡಿತು. ಬೆರಳುಗಳು ಮೇಣದ ಹಾಗೆ ಬಿಳಿಚಿ ಸೆಟೆದುಕೊಂಡಿದ್ದವು.

"ಭಾವ, ನೋಯ್ತಿದೆಯಾ?"

"ಆಗ ನೋಯ್ತಿತ್ತು. ಈಗ ಏನೂ ಇಲ್ಲ, ಪರವಾಗಿಲ್ಲ."

ನೋವು ನಿಂತಿದೆ ಎಂದರೆ ಬೆರಳು ಹೆಪ್ಪುಗಟ್ಟಿದೆ ಎಂದೇ ಅರ್ಥ. ನನ್ನ ಹೆಚ್ಚುವರಿ ಕೈಗವಸು ಅವರ ಹೆಬ್ಬೆರಳನ್ನೂ ದಾಟಲಿಲ್ಲ. ನನ್ನ ಚೀಲದಿಂದ ಉಣ್ಣೆಯ ಕಾಲುಚೀಲ ತೆಗೆದು ಆ ಕೈಗೆ ತೊಡಿಸಿದೆ. ಅವರ ಅಳತೆಯದೇ ಇನ್ನೊಂದು ಜೊತೆ ಕೈಗವಸು ನನ್ನ ಮನೆಯ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು, ಯಜಮಾನರದು. ತರಬಹುದಿತ್ತು.

ತಂಗುಮನೆಯಲ್ಲಿ ಒದ್ದೆ ಬಟ್ಟೆ ಬಿಚ್ಚಿಸಿ, ನನ್ನ ಸ್ವೆಟರ್ ಮತ್ತು ಕಂಬಳಿ ಹೊದೆಸಿ, ಒಲೆ ಹಚ್ಚಿದೆ. ಕರಗಿಸಿ ನೀರು ಮಾಡಲು ಹಿಮ ತರುವುದಕ್ಕೆ ಹೊರಗೆ ಹೋದೆ. ಕೈ ಬೆಂಕಿಗೆ ಒಡ್ಡಬೇಡಿ ಎಂದು ಒಂದು ಮಾತು ಹೇಳಿ ಹೋಗಲಿಲ್ಲ. ಮರಳಿ ಬರುವಷ್ಟರಲ್ಲಿ ಅವರು ಆ ಕೈಯನ್ನು ಉರಿಯ ಪಕ್ಕದಲ್ಲೇ ಹಿಡಿದು ಕುಳಿತಿದ್ದರು. ಚರ್ಮ ಸುಟ್ಟಿತ್ತು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ.

ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಿಸಿ, ಉಜ್ಜದೆ, ಬೆರಳುಗಳ ನಡುವೆ ಹತ್ತಿಬಟ್ಟೆ ಇಟ್ಟು ಸುತ್ತಿದೆ. ಮರುದಿನ ಆ ಕೈ ಮತ್ತೆ ಹೆಪ್ಪುಗಟ್ಟದಂತೆ ಬಟ್ಟೆಯೊಳಗೆ ಎದೆಗೆ ಕಟ್ಟಿ ಬೆಟ್ಟ ಇಳಿಸಿದೆ. ಆಚೆಯ ಊರಿನ ಮನೆ ಸೇರಿದಾಗ ಮಗಳು ಸಂಭ್ರಮದಿಂದ ಮಗುವನ್ನು ಅವರ ತೊಡೆಯತ್ತ ಚಾಚಿದಳು.

"ನೀನೇ ಹಿಡ್ಕೊ ಮಗಳೇ, ನಾನು ನೋಡ್ತೀನಿ," ಎಂದರು ಭಾವ.

ಬಲಗೈಯ ಮೂರು ಬೆರಳುಗಳ ತುದಿಯನ್ನು ಡಾಕ್ಟರು ತೆಗೆಯಬೇಕಾಯಿತು. ಈಗ ಯಂತ್ರದ ಮುಂದೆ ಅಕ್ಕ ಕೂರುತ್ತಾಳೆ. ಭಾವ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬಟ್ಟೆಗೆ ಗೆರೆ ಎಳೆಯುತ್ತಾರೆ. ಗೆರೆ ಸೊಟ್ಟಗಾಗುತ್ತದೆ. ಅವರು ಆಚೆ ತಿರುಗಿದಾಗ ಅಕ್ಕ ಅದನ್ನು ಒರೆಸಿ ನೆಟ್ಟಗೆ ಮಾಡುತ್ತಾಳೆ.

ಒಂದು ದಿನ ಅವರೇ ಆ ಮಾತು ತೆಗೆದರು.

"ನೀನು ಹೇಳಿದ್ದೆ."

"ಒಂದೇ ಸಲ ಹೇಳ್ದೆ ಭಾವ. ಇನ್ನೊಂದು ಸಲ ಹೇಳ್ಬೇಕಿತ್ತು."

"ಆಗ್ಲೂ ಕೇಳ್ತಿರ್ಲಿಲ್ವೇನೋ," ಎಂದರು. ನನಗೆ ಸಮಾಧಾನವಾಗಲಿ ಎಂದು ಹಾಗೆ ಹೇಳಿದರೆಂದು ನನಗೆ ಗೊತ್ತು.

ಈ ಚಳಿಗಾಲ ಮೊಮ್ಮಗಳನ್ನು ನೋಡಲು ಅಕ್ಕ ನನ್ನ ಜೊತೆ ಹೊರಟಾಗ, ಭಾವ ಅವಳ ಚೀಲವನ್ನು ಮೂರು ಸಲ ಬಿಚ್ಚಿಸಿದರು. ಒಂದೊಂದು ಬಟ್ಟೆಯನ್ನೂ ಮುಟ್ಟಿ ನೋಡಿ ಹತ್ತಿಯದನ್ನೆಲ್ಲ ಪಕ್ಕಕ್ಕಿಟ್ಟರು. ಅಕ್ಕ ಮೂರು ಸಲವೂ ಮತ್ತೆ ಮಡಿಸಿ ತುಂಬಿದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ನೀವೂ ಚಳಿಯ ಬೆಟ್ಟ ಹತ್ತುವವರಿರಬಹುದು. ಮೈಗೆ ಉಣ್ಣೆ, ಅದರ ಮೇಲೆ ಬೆಚ್ಚನೆಯದು, ಹೊರಗೆ ಗಾಳಿ, ನೀರು ತಡೆಯುವುದು ತೊಡಿ. ಬೆವರುವ ಮೊದಲೇ ಒಂದು ಪದರ ಕಳಚಿ, ನಿಂತ ಕೂಡಲೇ ಮತ್ತೆ ಹಾಕಿಕೊಳ್ಳಿ. ಟೋಪಿ ಮರೆಯಬೇಡಿ. ಇನ್ನೊಂದು ಜೊತೆ ಕೈಗವಸು, ಕಾಲುಚೀಲ ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿರಲಿ. ಬೆರಳು ಜೋಮುಹಿಡಿದರೆ ಆಗಲೇ ಜೊತೆಗಾರರಿಗೆ ಹೇಳಿ. ಉಜ್ಜಬೇಡಿ, ಬೆಂಕಿಗೆ ಒಡ್ಡಬೇಡಿ, ಬೇಗ ಆಸ್ಪತ್ರೆಗೆ ತೋರಿಸಿ.

ಹೊರಡುವ ಮುನ್ನ ಜೊತೆಯವರ ಚೀಲವನ್ನೂ ಬಿಚ್ಚಿಸಿ ನೋಡಿ. ಅವರು ಎಷ್ಟೇ ಹಿರಿಯರಿರಲಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಏನಾದರೂ ಕಡಿಮೆ ಕಂಡರೆ ಅದು ಸಿಗುವವರೆಗೆ ಹೊರಡಬೇಡಿ. ನಾವು ಒಂದು ದಿನ ತಡವಾಗಿ ಹೋಗಿದ್ದರೂ ಆ ಮಗು ಅಲ್ಲೇ ಇರುತ್ತಿತ್ತು.