ಮೊದಲು ಚಪ್ಪಾಳೆ

ಲೇತ್ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಸಿಡಿಮದ್ದು ಎಂದೇ. ಆದರೆ ಗುಜರಿ ಅಂಗಡಿಯಿಂದ ಹೊತ್ತು ತಂದ ಹಳೇ ರೀಲ್ ಟೇಪ್‌ರೆಕಾರ್ಡರಿನ ಮುಂದೆ ಕುಳಿತನೆಂದರೆ ಹಸುಗೂಸಿಗೆ ಹಾಲು ಕುಡಿಸುವವನ ತಾಳ್ಮೆ. ಊಟದ ತಟ್ಟೆಯಷ್ಟಗಲದ ರೀಲುಗಳು, ಇಬ್ಬರು ಎತ್ತಬೇಕಾದ ಭಾರ. ಹೆಂಡತಿ ಇಸ್ತ್ರಿ ಮಾಡುವ ಮೇಜನ್ನು ಅದು ತಿಂಗಳುಗಟ್ಟಲೆ ನುಂಗಿ ಕೂತಿತ್ತು. ಅವಳು ಹಾಸಿಗೆಯ ಮೇಲೆ ಬಗ್ಗಿ ಇಸ್ತ್ರಿ ಮಾಡಿ ಮಾಡಿ, ಸೊಂಟ ಹಿಡಿದ ದಿನ ತೀರ್ಪು ಕೊಟ್ಟಳು: ಭಾನುವಾರ ಇದು ಹಾಡಬೇಕು, ಇಲ್ಲವೇ ಅವಳ ಅಣ್ಣನ ಟ್ಯಾಕ್ಸಿಯಲ್ಲಿ ವಾಪಸ್ ಗುಜರಿಗೆ. ಸಿಟ್ಟಿನ ಭರದಲ್ಲಿ ಅವನೂ ಹೂಂ ಅಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಟೇಪನ್ನು ಎಳೆಯುವ ಉಕ್ಕಿನ ಕಡ್ಡಿ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಹಾಡು ನಡುಗುತ್ತದೆ. ಹೊಸದೊಂದನ್ನು ತಾನೇ ಲೇತಿನಲ್ಲಿ ಕಡೆದು, ಉಜ್ಜಿ, ಕೂರಿಸುವ ಹೊತ್ತಿಗೆ ಭಾನುವಾರವೇ ಬಂದಿತ್ತು. ಪರೀಕ್ಷೆಗೆ ಇದ್ದದ್ದು ಗುಜರಿಯವನು ಜೊತೆಗೆ ಕೊಟ್ಟ ಒಂದೇ ರೀಲು. ಹೆಂಡತಿಯ ಅಣ್ಣ, ಅವನ ಭಾವ, ಬಂದು ಟ್ಯಾಕ್ಸಿಯ ಡಿಕ್ಕಿ ತೆರೆದೇ ಇಟ್ಟು ಒಳಗೆ ಕೂತ.

ರೀಲು ತಿರುಗಿತು. ಚಪ್ಪಾಳೆಯ ಸದ್ದು, ಅದರ ಹಿಂದೆಯೇ ಎರಡೂ ಸ್ಪೀಕರುಗಳಿಂದ ಹೊರಟದ್ದು ಯಾವ ಲೋಕದ ಭಾಷೆಯೋ! ಯಾರೋ ಮಾತನ್ನೆಲ್ಲ ಒಳಕ್ಕೆ ಹೀರಿಕೊಳ್ಳುತ್ತಿದ್ದಂತಿತ್ತು.

"ಇದಕ್ಕೆ ಬಿಕ್ಕಳಿಕೆ ಬಂದಿದೆ. ಸ್ವಲ್ಪ ನೀರು ಕುಡಿಸಿ," ಅಂದ ಭಾವ.

ಸಿಡಿಮದ್ದು ಸಿಡಿಯಿತು. ಬೆಲ್ಟು ಹೊಸದು, ಮೋಟಾರು ಸರಿಯಿದೆ, ಕಡ್ಡಿ ತನ್ನ ಕೈಯಾರೆ ಕಡೆದದ್ದು ಎಂದು ಮನೆ ಹಾರಿಹೋಗುವಂತೆ ಕೂಗಾಡಿದ. ಮತ್ತೆ ಮೊದಲಿಂದ ಹಾಕಿದ. ಅದೇ ಗೋಳು. ಭಾವ ಅಂಗಿಯ ತೋಳು ಮಡಚಿ, ಮೆಷಿನ್ ಎತ್ತಲು ಎದ್ದೇಬಿಟ್ಟ.

ಹೆಂಡತಿ ನಗು ತಡೆದುಕೊಂಡು ಅಂದಳು: "ಥೇಟ್ ನಿಮ್ಮ ಹಾಗೇ ಇದೆ. ನಿಮಗೆ ಮಾತಿಗಿಂತ ಮುಂಚೆ ಸಿಟ್ಟು, ಇದಕ್ಕೆ ಹಾಡಿಗಿಂತ ಮುಂಚೆ ಚಪ್ಪಾಳೆ."

ಸಿಡಿಯಲು ಬಾಯಿ ತೆರೆದವನು ತಟ್ಟನೆ ರೀಲಿನ ಕಡೆ ತಿರುಗಿದ. ಹೌದಲ್ಲ, ಮೊದಲು ಕೇಳಿದ್ದು ಚಪ್ಪಾಳೆಯೇ. ಹಾಡುವ ಮೊದಲೇ ಯಾವ ದೊಣ್ಣೆನಾಯಕ ಚಪ್ಪಾಳೆ ತಟ್ಟುತ್ತಾನೆ? ಮೆಷಿನ್ ಕೆಟ್ಟಿರಲಿಲ್ಲ. ರೆಕಾರ್ಡ್ ಮಾಡಿದ ಪುಣ್ಯಾತ್ಮ ಕೆಲಸ ಮುಗಿದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತದೆ ಹಾಗೇ ಎತ್ತಿಟ್ಟಿದ್ದ. ಹೊರಗಿದ್ದದ್ದು ಹಾಡಿನ ತಲೆಯಲ್ಲ, ಬಾಲ; ಅದಕ್ಕೇ ಎಲ್ಲ ಹಿಂದುಮುಂದಾಗಿ ಕೇಳಿಸಿತ್ತು. ತಾನು ಇಷ್ಟು ಹೊತ್ತೂ ಬಾಲ ಹಿಡಿದು ಎಳೆಯುತ್ತಿದ್ದ!

"ಭಾವ, ಒಂದು ನಿಮಿಷ ಕೂತ್ಕೊಳ್ಳಿ," ಅಂದ. ದನಿ ಮೆತ್ತಗಾಗಿತ್ತು. ಇಡೀ ಟೇಪನ್ನು ಬಲಗಡೆಯ ರೀಲಿಗೆ ಓಡಿಸಿ, ಎರಡೂ ರೀಲುಗಳನ್ನು ಅದಲುಬದಲು ಮಾಡಿ, ಗುಂಡಿ ಒತ್ತಿದ.

ಗಂಟಲು ಸರಿಮಾಡಿಕೊಂಡ ಸದ್ದು. ಯಾರೋ ಕುರ್ಚಿ ಎಳೆದರು. ಆಮೇಲೆ ಪಿಟೀಲು, ಡೋಲು, ಒಬ್ಬ ಹೆಂಗಸಿನ ತುಂಬುಕಂಠ. ಆಕೆ ಮೇಜಿನ ಪಕ್ಕದಲ್ಲೇ ನಿಂತು ಉಸಿರೆಳೆದುಕೊಂಡಂತೆ ಕೇಳಿಸಿತು. ಪಿಟೀಲು ಒಂದು ಗೋಡೆಯ ಕಡೆ, ಡೋಲು ಇನ್ನೊಂದು ಗೋಡೆಯ ಕಡೆ. ಭಾವನ ಕಾಲು ಅವನನ್ನು ಕೇಳದೆಯೇ ತಾಳ ಹಾಕತೊಡಗಿತು. ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಸೊಂಟದ ನೋವನ್ನೂ ಮರೆತು, ಅಣ್ಣನ ಕೈಹಿಡಿದು ಎಬ್ಬಿಸಿ ಒಂದು ಸುತ್ತು ತಿರುಗಿಸಿದಳು. ಸಿಡಿಮದ್ದು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ.

ಹಾಡು ಮುಗಿಯಿತು. ಚಪ್ಪಾಳೆ ಈ ಸಲ ತನ್ನ ಜಾಗಕ್ಕೇ ಬಂತು. ಅವನು ತೀರ್ಪಿಗೆ ಕಾದವನಂತೆ ಹೆಂಡತಿಯ ಮುಖ ನೋಡಿದ.

ಅವಳು ಕಿಟಕಿ ನೋಡಿದಳು, ಮೆಷಿನ್ ನೋಡಿದಳು, ಹುಬ್ಬು ಗಂಟಿಕ್ಕಿದಳು.

"ಇಲ್ಲಿ ನೇರ ಬಿಸಿಲು ಬೀಳುತ್ತಲ್ರೀ. ಟೇಪು ಹಾಳಾಗಲ್ವಾ? ಅಣ್ಣ, ನೀನೊಂದು ಕಡೆ ಹಿಡ್ಕೋ. ಗೋಡೆ ಕಡೆಗೆ ಸರಿಸೋಣ."