ಒದ್ದೆ ನೆಲ

“ಒರ್ಸು ಅಂದ್ರೆ ಒರ್ಸೇ! ಕಿವಿ ಕೇಳ್ಸಲ್ವಾ?”

ಡಲ್ಸಿ ಒರೆಸುಕೋಲನ್ನು ಮತ್ತೆ ಬಕೆಟ್ಟಿಗೆ ಅದ್ದಿದಳು. ಪ್ರಯಾಣಿಕರ ಕೋಣೆಯನ್ನು ಬೆಳಿಗ್ಗೆಯೇ ಒರೆಸಿ ಆಗಿತ್ತು. ಆದರೆ ಬಿಳಿಯ ಸ್ಟೇಷನ್ ಮಾಸ್ಟರ್ ಗ್ಲೆನ್ ಕಿಟಕಿಯಿಂದ ನೋಡಿದ್ದ: ಕರಿಯರ ಕೇರಿಯಿಂದ ಡಲ್ಸಿಯ ದೊಡ್ಡಮ್ಮ ಐಲೀನ್ ಕೋಲೂರಿಕೊಂಡು ಬರುತ್ತಿದ್ದಳು. ಕರಿಯರು ಬಂದಾಗಲೆಲ್ಲ ನೆಲ ಒದ್ದೆಯಾಗಬೇಕು. ಒಳಗೆ ಬರಬೇಡಿ ಅಂದರೆ ಕಾನೂನು ಅಡ್ಡ ಬರುತ್ತದೆ. ‘ನೆಲ ಒದ್ದೆ’ ಅನ್ನುವ ಹಳದಿ ಬೋರ್ಡು ಇಟ್ಟರೆ ಬರುವುದಿಲ್ಲ.

“ನೆಲ ಒದ್ದೆ. ಹೊರಗೆ ಕೂತ್ಕೋ,” ಅಂದ ಗ್ಲೆನ್.

“ದಿನಾ ನೆಲಕ್ಕೆ ಸ್ನಾನ ಮಾಡಿಸ್ತೀಯಲ್ಲೋ, ನಿಮ್ಮಮ್ಮಂಗೆ ಒಂದಿನಾನಾದ್ರೂ ಮಾಡ್ಸಿದ್ಯಾ?” ಅಂದಳು ದೊಡ್ಡಮ್ಮ.

ಡಲ್ಸಿಗೆ ನಗು ಬಂತು. ತಲೆ ಎತ್ತಲಿಲ್ಲ. ದೊಡ್ಡಮ್ಮ ಅವಳಿಗೆ ಮಾತ್ರ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಪ್ಲಾಟ್‌ಫಾರ್ಮಿನ ಕಬ್ಬಿಣದ ಬೆಂಚು ಕಾದ ಹೆಂಚಾಗಿತ್ತು. ರೈಲು ತಡ. ಡಯಾಲಿಸಿಸ್‌ಗೆ ದೊಡ್ಡಮ್ಮ ನಗರಕ್ಕೇ ಹೋಗಬೇಕು. ತಪ್ಪಿದರೆ ಮೈಯೊಳಗೇ ನೀರು ತುಂಬುತ್ತದೆ.

ಹಾರ್ಡ್‌ವೇರ್ ಅಂಗಡಿಯ ಬಿಳಿ ಹೆಂಗಸು ಮಿಸೆಸ್ ಟಾಲಿಸ್ ಬಂದಳು. ಗ್ಲೆನ್ ಕಾಲಿನಿಂದಲೇ ಬೋರ್ಡು ಸರಿಸಿದ. “ನಿಧಾನ ಬನ್ನಿ ಮೇಡಂ, ಸ್ವಲ್ಪ ಜಾರತ್ತೆ.”

ರೈಲು ಬಂದಾಗ ದೊಡ್ಡಮ್ಮ ಎದ್ದಳು, ತೂರಾಡಿದಳು, ಅಲ್ಲೇ ವಾಂತಿ ಮಾಡಿಕೊಂಡಳು.

“ಕುಡಿದಿದ್ದಾಳೆ, ಹತ್ತಿಸ್ಕೋಬೇಡ,” ಗ್ಲೆನ್ ಗಾರ್ಡಿಗೆ ಕೂಗಿದ.

“ಕುಡ್ದಿಲ್ಲ! ಬಿಸ್ಲು ಹೊಡ್ದಿರೋದು. ಆಸ್ಪತ್ರೆಗೆ ಹೋಗ್ಬೇಕು ಅವ್ಳು!” ಡಲ್ಸಿಯ ದನಿ ಅವಳಿಗೇ ಗುರುತು ಸಿಗಲಿಲ್ಲ.

“ಕೆಲ್ಸ ಬೇಕೋ ಬೇಡ್ವೋ ನಿಂಗೆ?”

ಗಾರ್ಡು ವಾಂತಿಯನ್ನು ನೋಡಿದ. ಬಾಗಿಲು ಮುಚ್ಚಿತು. ಕಿಟಕಿಯಲ್ಲಿ ಮಿಸೆಸ್ ಟಾಲಿಸ್ ಆಚೆ ತಿರುಗಿ ಕೂತಿದ್ದಳು.

“ಬೋಳೀಮಗನೇ,” ಅಂದಳು ದೊಡ್ಡಮ್ಮ, ಬಾಯಿ ಒರೆಸಿಕೊಳ್ಳುತ್ತ. “ನಾನು ಬಾಟ್ಲಿ ಬಿಟ್ಟಾಗ ನೀನಿನ್ನೂ ಚಡ್ಡೀಲಿ ಉಚ್ಚೆ ಹುಯ್ಕೋತಿದ್ದೆ ಕಣೋ.”

“ಡಲ್ಸಿ, ಇದನ್ನ ಒರ್ಸು.”

ಒರೆಸಿದಳು. ಆಮೇಲೆ ದೊಡ್ಡಮ್ಮನನ್ನು ಮನೆಗೆ ಕಳಿಸಲು, ನಗರದವರೆಗೆ ಓಡಲಾರದ ಪಕ್ಕದ ಮನೆಯವನ ಹಳೇ ಕಾರಿಗೆ ಹತ್ತಿಸುವಾಗ ಅವಳ ಊದಿದ ಕಾಲು ಹಿಡಿದಳು. ಬೆರಳೊತ್ತಿದ ಕಡೆ ಹಳ್ಳ ಹಾಗೇ ಉಳಿಯಿತು. ಮುಂದಿನ ರೈಲು ನಾಡಿದ್ದು.

ಸಂಜೆ ಕೋಣೆಗೆ ಬೀಗ ಹಾಕಿದಳು. ಬಾಗಿಲಿಗೆ ಒಳಗೂ ಒಂದು ಚಿಲಕವಿತ್ತು. ಇಷ್ಟು ವರ್ಷ ಅದನ್ನು ಉಜ್ಜಿ ಹೊಳೆಸಿದ್ದಳಷ್ಟೇ. ನಾಡಿದ್ದು ದೊಡ್ಡಮ್ಮ ಉಳಿದು ಬಂದರೆ ಮೊದಲು ಅವಳನ್ನು ಒಳಗೆ ಕೂರಿಸಬೇಕು. ಆಮೇಲೆ ಚಿಲಕ. ಗ್ಲೆನ್ ಬಾಗಿಲು ಬಡಿಯಲಿ. ನೆಲ ಒದ್ದೆ ಇದೆ, ಹೊರಗೆ ಕೂತ್ಕೋ ಅನ್ನಬೇಕು.

ಬೀಗದ ಕೈಯನ್ನು ಗ್ಲೆನ್‌ನ ಕೋಣೆಯ ಮೊಳೆಗೆ ತೂಗುಹಾಕದೆ ಜೇಬಿಗಿಳಿಸಿದಳು.

ಮನೆಯಲ್ಲಿ ಗಂಡ ಕೇಳಿದ: “ಏನೇ, ಮಾತೇ ಇಲ್ಲ?”

“ಏನಿಲ್ಲ,” ಅಂದು ಆಲೂಗಡ್ಡೆ ಸುಲಿಯತೊಡಗಿದಳು.